ಮೂವರಾಗುವ ಮೊದಲು ಇಬ್ಬರ ಪಯಣ

ಮನೆಯ ಸೊಸೆ ಗರ್ಭಿಣಿ ಎಂಬ ಸಿಹಿ ಸುದ್ದಿ ಬಂದ ದಿನದಿಂದ ಅವಳು ಇಡೀ ಕುಟುಂಬದ ಕಾಳಜಿಯ ಕೇಂದ್ರವಾಗುತ್ತಾಳೆ. ಏನು ತಿನ್ನಬೇಕೆಂದು ಅತ್ತೆ ಹೇಳುತ್ತಾರೆ. ಏನು ತಿನ್ನಬಾರದೆಂದು ತಾಯಿ ಫೋನಿನಲ್ಲಿ ಹೇಳುತ್ತಾರೆ. ಹೇಗೆ ಮಲಗಬೇಕು, ಹೇಗೆ ಏಳಬೇಕು ಎಂಬುದನ್ನು ನೆರೆಹೊರೆಯವರು ತಿಳಿಸುತ್ತಾರೆ. ಇಷ್ಟೆಲ್ಲ ಜನರ ನಡುವೆ ಪತಿ ಎಲ್ಲಿದ್ದಾನೆ? ಆತ ವೈದ್ಯರ ಬಳಿಗೆ ಕರೆದೊಯ್ಯುತ್ತಾನೆ, ಬಿಲ್ ಪಾವತಿಸುತ್ತಾನೆ, ಮಾತ್ರೆ ತಂದು ಕೊಡುತ್ತಾನೆ. ಅಲ್ಲಿಗೆ ಅವನ ಕೆಲಸ ಮುಗಿಯಿತು ಎಂದು ಅವನೂ ಭಾವಿಸುತ್ತಾನೆ, ಮನೆಯವರೂ ಭಾವಿಸುತ್ತಾರೆ.

ಏಳನೇ ತಿಂಗಳು ಬಂದೊಡನೆ ಅವಳನ್ನು ತವರಿಗೆ ಕಳುಹಿಸುವ ರೂಢಿ ನಮ್ಮಲ್ಲಿದೆ. ಹೆರಿಗೆಯಾಗಿ, ಬಾಣಂತನ ಮುಗಿದು ಅವಳು ಮರಳುವಾಗ ಕೈಯಲ್ಲಿ ಮಗುವಿರುತ್ತದೆ. ಅಂದರೆ ಗಂಡ ಹೆಂಡತಿ ಇಬ್ಬರೇ ಇದ್ದ ಕಾಲ ಆರನೇ ತಿಂಗಳಿಗೇ ಮುಗಿದು ಹೋಗಿರುತ್ತದೆ. ಅದು ಮುಗಿಯಿತೆಂಬುದು ಅವರಿಗೆ ಗೊತ್ತೇ ಆಗಿರುವುದಿಲ್ಲ. ಪತಿ ಗಲ್ಫ್‌ನಲ್ಲಿ ದುಡಿಯುವವನಾದರೆ ಈ ಕಾಲ ಇನ್ನೂ ಚಿಕ್ಕದು. ಸಿಕ್ಕಿದ ರಜೆ ನೆಂಟರ ಮನೆಗಳ ಊಟದಲ್ಲಿ, ಮದುವೆಗಳಲ್ಲಿ, ಮನೆ ದುರಸ್ತಿಯಲ್ಲಿ ಕಳೆದು ಹೋಗುತ್ತದೆ.

ಆದ್ದರಿಂದ ಸಹೋದರ ಸಹೋದರಿಯರಲ್ಲಿ ಒಂದು ಸಲಹೆ. ವೈದ್ಯರು ಒಪ್ಪುವುದಾದರೆ, ತವರಿಗೆ ಹೊರಡುವ ಮೊದಲು ಇಬ್ಬರೇ ಎರಡು ಮೂರು ದಿನ ಎಲ್ಲಿಗಾದರೂ ಹೋಗಿ ಬನ್ನಿ. ದೂರದ ದೇಶ ಬೇಕಾಗಿಲ್ಲ. ನಮ್ಮದೇ ನಾಡಿನ ವಿಜಯಪುರ ಸಾಕು. 2014ರ ನವೆಂಬರ್‌ವರೆಗೆ ಬಿಜಾಪುರವೆಂದು ಕರೆಯಲ್ಪಡುತ್ತಿದ್ದ, ಆದಿಲ್‌ಶಾಹಿ ಸುಲ್ತಾನರು ಸುಮಾರು ಇನ್ನೂರು ವರ್ಷ ಆಳಿದ ನಗರವದು.

ಇದು ಐಷಾರಾಮವೇ?

"ಹೊಟ್ಟೆಯಲ್ಲಿ ಮಗುವಿರುವಾಗ ಊರು ಸುತ್ತುವುದೆಂದರೇನು?" ಎಂದು ಹಿರಿಯರು ಕೇಳುವುದು ಸಹಜ. ಅವರ ಆತಂಕಕ್ಕೆ ಕಾರಣವಿಲ್ಲದಿಲ್ಲ. ರಸ್ತೆ, ವಾಹನ, ಆಸ್ಪತ್ರೆ ಯಾವುದೂ ಸರಿಯಿಲ್ಲದ ಕಾಲವನ್ನು ಅವರು ಕಂಡಿದ್ದಾರೆ. ಆದರೆ ಗರ್ಭಿಣಿ ಪ್ರಯಾಣ ಮಾಡಲೇಬಾರದು ಎಂಬುದು ಧರ್ಮದ ಮಾತಲ್ಲ. ಹ. ಅಬೂಬಕರ್(ರ)ರ ಪುತ್ರಿ ಅಸ್ಮಾ(ರ) ಗರ್ಭಿಣಿಯಾಗಿದ್ದಾಗಲೇ ಮಕ್ಕಾದಿಂದ ಮದೀನಾಕ್ಕೆ ಹಿಜ್ರತ್ ಮಾಡಿದರು. ಕುಬಾದಲ್ಲಿ ಅಬ್ದುಲ್ಲಾ ಬಿನ್ ಝುಬೈರ್(ರ) ಜನಿಸಿದರು. ಹಜ್ಜತುಲ್ ವಿದಾದ ಪಯಣದಲ್ಲಿ ಅಸ್ಮಾ ಬಿಂತ್ ಉಮೈಸ್(ರ) ದುಲ್ ಹುಲೈಫಾದಲ್ಲಿ ಹೆರಿಗೆಯಾದಾಗ ಪ್ರವಾದಿ(ಸ) ಅವರನ್ನು ಮರಳಿ ಕಳುಹಿಸಲಿಲ್ಲ. ಸ್ನಾನ ಮಾಡಿ ಇಹ್ರಾಮ್ ಕಟ್ಟುವಂತೆ ಸೂಚಿಸಿದರು.

ಅವೆಲ್ಲ ಅಗತ್ಯದ ಪ್ರಯಾಣಗಳು, ನಿಜ. ಆದರೆ ಪತಿ ಪತ್ನಿ ಪರಸ್ಪರ ಸಮಯ ಕೊಡುವುದೂ ಅಗತ್ಯವೇ. ಪ್ರಯಾಣವೊಂದರಲ್ಲಿ ಪ್ರವಾದಿ(ಸ) ಸಂಗಡಿಗರನ್ನು ಮುಂದೆ ಹೋಗಲು ಹೇಳಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಮಾಡಿದ ವಿಷಯ ನಮಗೆಲ್ಲ ತಿಳಿದಿದೆ. ಒಂದು ಸಮುದಾಯವನ್ನೇ ಮುನ್ನಡೆಸುವ ಹೊಣೆ ಹೊತ್ತವರು ಪತ್ನಿಗಾಗಿ ಅಷ್ಟು ಬಿಡುವು ಮಾಡಿಕೊಂಡರು. ನಮಗಿರುವ ಹೊಣೆ ಅದಕ್ಕಿಂತ ದೊಡ್ಡದೇ?

ಇನ್ನೊಂದು ಕಾರಣವೂ ಇದೆ. ಮಗುವನ್ನು ಎದೆಹಾಲಿನಿಂದ ಬಿಡಿಸುವ ವಿಷಯವನ್ನು ಹೇಳುವಾಗ ಕುರ್‌ಆನ್, ಸೂರಃ ಅಲ್ ಬಕರಃದಲ್ಲಿ, ತಂದೆ ತಾಯಿಯ ಪರಸ್ಪರ ಒಪ್ಪಿಗೆ ಮತ್ತು ಸಮಾಲೋಚನೆಯ ಬಗ್ಗೆ ಪ್ರಸ್ತಾಪಿಸುತ್ತದೆ. ಹಾಲು ಬಿಡಿಸುವಂತಹ ಸಣ್ಣದೆಂದು ತೋರುವ ವಿಷಯಕ್ಕೂ ಸಮಾಲೋಚನೆ! ಆದರೆ ನಮ್ಮ ಎಷ್ಟು ಮನೆಗಳಲ್ಲಿ ಗಂಡ ಹೆಂಡತಿ ಎದುರೆದುರು ಕೂತು ಬರಲಿರುವ ಮಗುವಿನ ಬಗ್ಗೆ ಮಾತಾಡುತ್ತಾರೆ? ಹೆರಿಗೆ ಎಲ್ಲಿ ಎಂಬುದನ್ನು ಎರಡು ಮನೆಯ ಹಿರಿಯರು ನಿರ್ಧರಿಸುತ್ತಾರೆ. ಹೆಸರನ್ನು ಮಾವಂದಿರು ಆರಿಸುತ್ತಾರೆ. ಅಕೀಕಕ್ಕೆ ಎಷ್ಟು ಜನರನ್ನು ಕರೆಯಬೇಕೆಂದು ಬೇರಾರೋ ಹೇಳುತ್ತಾರೆ. ತಾಯಿ ತಂದೆಯರಾಗುವವರೇ ಮೌನ ಪ್ರೇಕ್ಷಕರು. ಮಾತಿಗೆ ಜಾಗ ಬೇಕು, ಏಕಾಂತ ಬೇಕು. ಕೂಡುಕುಟುಂಬದ ಮನೆಯಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ.

ಮೊದಲು ವೈದ್ಯರ ಒಪ್ಪಿಗೆ

ಪ್ರವಾಸಕ್ಕೆ ನಾಲ್ಕರಿಂದ ಆರನೇ ತಿಂಗಳವರೆಗಿನ ಕಾಲ ಅನುಕೂಲ. ಮೊದಲ ತಿಂಗಳುಗಳ ವಾಂತಿ, ಸುಸ್ತು ಆಗ ಕಡಿಮೆಯಾಗಿರುತ್ತದೆ. ಕೊನೆಯ ತಿಂಗಳುಗಳ ಭಾರ ಇನ್ನೂ ಬಂದಿರುವುದಿಲ್ಲ. ಆದರೂ ನಿಮ್ಮ ವೈದ್ಯರನ್ನು ಕೇಳದೆ ಟಿಕೆಟ್ ತೆಗೆಯಬೇಡಿ. ರಕ್ತಸ್ರಾವ ಕಂಡಿದ್ದವರು, ಅಧಿಕ ರಕ್ತದೊತ್ತಡವಿರುವವರು, ಗರ್ಭದಲ್ಲಿ ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ತಿಳಿದವರು, ಹಿಂದೆ ಗರ್ಭಪಾತ ಅಥವಾ ಅವಧಿಪೂರ್ವ ಹೆರಿಗೆ ಆದವರು, ಅವಳಿ ಮಕ್ಕಳ ತಾಯಂದಿರು ವಿಶೇಷವಾಗಿ ಕೇಳಬೇಕು. ಬೇಡವೆಂದರೆ ಬೇಡ. ಅದರಲ್ಲಿ ಹಟ ಸಲ್ಲದು.

ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿಯ ಆಸುಪಾಸು ಇರುತ್ತದೆ. ಗರ್ಭಿಣಿಗೆ ಅದು ತಕ್ಕುದಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಹವೆ ಹಿತಕರ. ಬೆಂಗಳೂರಿನಿಂದ ಸುಮಾರು 530 ಕಿ.ಮೀ., ಹುಬ್ಬಳ್ಳಿಯಿಂದ ಸುಮಾರು 200 ಕಿ.ಮೀ., ಕಲಬುರಗಿಯಿಂದ ಸುಮಾರು 160 ಕಿ.ಮೀ. ದಾರಿ. ದೂರದವರಿಗೆ ಬಸ್ಸಿಗಿಂತ ರೈಲು ಉತ್ತಮ. ಕಾಲು ಚಾಚಬಹುದು, ಎದ್ದು ನಡೆಯಬಹುದು, ಶೌಚಾಲಯವಿದೆ. ಕೆಳಗಿನ ಬರ್ತ್ ಕಾದಿರಿಸಿ. ಕರಾವಳಿಯವರು ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗಿ ಮುಂದುವರಿದರೆ ಆಯಾಸವಾಗದು.

ಕಾರಿನಲ್ಲಿ ಹೋಗುವವರು ಸೀಟ್ ಬೆಲ್ಟಿನ ಕೆಳಪಟ್ಟಿಯನ್ನು ಹೊಟ್ಟೆಯ ಮೇಲೆ ಅಲ್ಲ, ಹೊಟ್ಟೆಯ ಕೆಳಗೆ ಸೊಂಟದ ಎಲುಬಿಗೆ ತಾಗುವಂತೆ ಹಾಕಬೇಕು. ಗಂಟೆ ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಒಂದೇ ಕಡೆ ಬಹಳ ಹೊತ್ತು ಕೂತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಗರ್ಭಿಣಿಯರಿಗೆ ಹೆಚ್ಚು. ಶೌಚಾಲಯ ಸಿಗದೆಂಬ ಭಯದಿಂದ ನೀರು ಕುಡಿಯದೇ ಇರುವ ಅಭ್ಯಾಸ ನಮ್ಮ ಹೆಣ್ಣು ಮಕ್ಕಳಲ್ಲಿದೆ. ಇದರಿಂದ ಮೂತ್ರದ ಸೋಂಕು ತಗಲುವ ಸಂಭವವಿದೆ. ಪತಿಯಾದವನು ದಾರಿಯಲ್ಲಿ ಶುಚಿಯಾದ ಶೌಚಾಲಯ ಎಲ್ಲಿದೆಯೆಂದು ತಾನೇ ವಿಚಾರಿಸಬೇಕು. ಅವಳು ನಾಚಿಕೆಯಿಂದ ಕೇಳುವವರೆಗೆ ಕಾಯಬಾರದು.

ಪ್ರವಾದಿ(ಸ)ರ ಒಂದು ಪ್ರಯಾಣದಲ್ಲಿ ಅಂಜಶ ಎಂಬವರು ಹಾಡುತ್ತಾ, ಮಹಿಳೆಯರಿದ್ದ ಒಂಟೆಗಳನ್ನು ವೇಗವಾಗಿ ಓಡಿಸತೊಡಗಿದರು. ಆಗ ಪ್ರವಾದಿ(ಸ) ಆ ಮಹಿಳೆಯರನ್ನು ಗಾಜಿನ ಪಾತ್ರೆಗಳಿಗೆ ಹೋಲಿಸಿ, ಮೆಲ್ಲಗೆ ನಡೆಸುವಂತೆ ಎಚ್ಚರಿಸಿದರು. ಸ್ಟೀರಿಂಗ್ ಹಿಡಿದ ಪ್ರತಿಯೊಬ್ಬ ಪತಿಯೂ ಇದನ್ನು ನೆನಪಿಡಲಿ.

ಚೀಲದಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ವಿವರ, ದಿನನಿತ್ಯದ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಇರಲಿ. ರಕ್ತಸ್ರಾವ, ನೀರು ಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಊತ, ಬಿಡದ ಹೊಟ್ಟೆನೋವು, ಜ್ವರ, ಮಗುವಿನ ಚಲನೆ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಪ್ರವಾಸವನ್ನು ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ನಮಾಝಿನ ವಿಷಯದಲ್ಲಿ ಅಲ್ಲಾಹನು ಪ್ರಯಾಣಿಕರಿಗೆ ರಿಯಾಯಿತಿ ನೀಡಿದ್ದಾನೆ. ಝುಹರ್, ಅಸರ್ ಮತ್ತು ಇಶಾದ ನಾಲ್ಕು ರಕಅತ್‌ಗಳನ್ನು ಎರಡಾಗಿ ನಿರ್ವಹಿಸಬಹುದು. ಶಾಫಿಈ ಮದ್‌ಹಬ್‌ನವರಿಗೆ ಝುಹರ್ ಅಸರ್ ಮತ್ತು ಮಗ್‌ರಿಬ್ ಇಶಾಗಳನ್ನು ಜೊತೆಗೂಡಿಸುವ ಅವಕಾಶವೂ ಇದೆ. ಹನಫೀ ಮದ್‌ಹಬ್‌ನವರು ಆಯಾ ನಮಾಝನ್ನು ಆಯಾ ಸಮಯದಲ್ಲೇ ನಿರ್ವಹಿಸುತ್ತಾರೆ. ನಿಂತು ನಮಾಝ್ ಮಾಡುವುದು ಗರ್ಭಿಣಿಗೆ ಕಷ್ಟವಾದರೆ ಕೂತು ಮಾಡಬಹುದು. ರಿಯಾಯಿತಿಯನ್ನು ಸ್ವೀಕರಿಸುವುದು ಸೋಮಾರಿತನವಲ್ಲ.

ಗೋಲಗುಮ್ಮಟದ ನೆರಳಲ್ಲಿ

ವಿಜಯಪುರಕ್ಕೆ ಬಂದವರು ಮೊದಲು ಕಾಣುವುದು ಗೋಲಗುಮ್ಮಟವನ್ನೇ. ರೈಲು ನಿಲ್ದಾಣದಿಂದ ಅದು ದೂರವಿಲ್ಲ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹ ತನಗಾಗಿ ಕಟ್ಟಿಸಿದ ಸಮಾಧಿಯಿದು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಒಳಗೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಛೇದಿಸುವ ಕಮಾನುಗಳೇ ಅಷ್ಟು ದೊಡ್ಡ ಗುಮ್ಮಟದ ಭಾರವನ್ನು ಗೋಡೆಗಳಿಗೆ ಹಂಚುತ್ತವೆ. ಮುಂಜಾನೆ ಬೇಗ ಹೋಗಿ. ಬಿಸಿಲು ಇರುವುದಿಲ್ಲ, ಶಾಲಾ ಮಕ್ಕಳ ಗದ್ದಲವೂ ಇರುವುದಿಲ್ಲ.

ಗುಮ್ಮಟದ ಬುಡದಲ್ಲಿ ಸುತ್ತಲೂ ಪಿಸುಗುಟ್ಟುವ ಮೊಗಸಾಲೆಯಿದೆ. ಗೋಡೆಗೆ ಬಾಯಿಯಿಟ್ಟು ಪಿಸುನುಡಿದರೆ ಎದುರು ಬದಿಯಲ್ಲಿರುವವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕೂಗಿದರೆ ಅದೇ ಸದ್ದು ಹಲವು ಬಾರಿ ಮರಳಿ ಬಂದು ಬರೀ ಗದ್ದಲವಾಗುತ್ತದೆ. ಆದರೆ ಅಲ್ಲಿಗೆ ತಲುಪಲು ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ, ಕಡಿದಾದ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಬೇಕು. ಗರ್ಭಿಣಿ ಅದನ್ನು ಹತ್ತಬಾರದು. ಸಹೋದರಿ, ಊರಿಡೀ ಹೊಗಳುವ ಜಾಗವನ್ನು ನೋಡಲಾಗಲಿಲ್ಲವೆಂದು ಬೇಸರಿಸಬೇಡಿ. ಸಹೋದರ, "ನೀನು ಕೆಳಗೆ ಕೂತಿರು, ನಾನು ಹೋಗಿ ಬರುತ್ತೇನೆ" ಎನ್ನಬೇಡಿ. ನೀವೂ ಕೆಳಗೇ ಇರಿ. ಮುಂದಿನ ತಿಂಗಳುಗಳಲ್ಲಿ ಅವಳು ಬಿಡಬೇಕಾದ ಸಂಗತಿಗಳು ಬಹಳಷ್ಟಿವೆ. ನಿದ್ದೆ, ಇಷ್ಟದ ಊಟ, ಓದು, ಕೆಲವೊಮ್ಮೆ ಉದ್ಯೋಗ. ಅವುಗಳಲ್ಲಿ ಒಂದನ್ನಾದರೂ ಅವಳ ಜೊತೆ ನೀವೂ ಬಿಟ್ಟರೆ, ಅವಳು ಅದನ್ನು ಬಹುಕಾಲ ಮರೆಯುವುದಿಲ್ಲ. ಪಿಸುಮಾತನ್ನು ಕೇಳಿಸಿಕೊಳ್ಳಲು ಗುಮ್ಮಟ ಹತ್ತಬೇಕೆಂದಿಲ್ಲ. ಪಕ್ಕದಲ್ಲಿ ಕೂತರೂ ಸಾಕು.

ಒಳಗಿನ ಕಟ್ಟೆಯ ಮೇಲೆ ಸುಲ್ತಾನ, ಅವನ ಪತ್ನಿಯರು, ಮಗಳು ಮತ್ತು ಮೊಮ್ಮಗನ ಗೋರಿಗಳ ಗುರುತುಗಳಿವೆ. ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಗರ್ಭಿಣಿ ಗೋರಿಗಳ ಬಳಿ ಹೋಗಬಾರದು, ಹೋದರೆ ಮಗುವಿಗೆ ಕೆಡುಕಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಪ್ರವಾದಿ(ಸ)ರ ಪುತ್ರ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಮಗುವಿನ ಮರಣದಿಂದಲೇ ಗ್ರಹಣ ಬಂದಿದೆಯೆಂದು ಜನ ಮಾತಾಡಿಕೊಂಡಾಗ, ಯಾರ ಹುಟ್ಟು ಸಾವಿಗಾಗಿಯೂ ಗ್ರಹಣ ಬರುವುದಿಲ್ಲವೆಂದು ಪ್ರವಾದಿ(ಸ) ತಿದ್ದಿದರು. ಸ್ವಂತ ಮಗುವನ್ನು ಕಳೆದುಕೊಂಡ ದುಃಖದ ನಡುವೆಯೂ ಮೂಢನಂಬಿಕೆಗೆ ಅವಕಾಶ ಕೊಡದ ಪ್ರವಾದಿ(ಸ)ರ ಅನುಯಾಯಿಗಳು ನಾವು. ಗೋರಿ ಕಂಡಲ್ಲಿ ಸಲಾಮ್ ಹೇಳಿ, ಅಗಲಿದವರಿಗಾಗಿ ಅಲ್ಲಾಹನಲ್ಲಿ ಪ್ರಾರ್ಥಿಸಿ. ಮಗುವಿಗಾಗಿಯೂ ಅವನಲ್ಲೇ ಬೇಡಿ.

ಮಧ್ಯಾಹ್ನ ಕೋಣೆಗೆ ಮರಳಿ ವಿಶ್ರಾಂತಿ ಪಡೆಯಿರಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಿಗುವ ಊರಿದು. ಹೊಸತಾಗಿ, ಬಿಸಿಯಾಗಿ ಮಾಡಿದ್ದನ್ನೇ ತಿನ್ನಿ. ಖಾರ ಎದೆಯುರಿ ತರಬಹುದು, ಸ್ವಲ್ಪ ಹಿತಮಿತವಿರಲಿ. ರಸ್ತೆ ಬದಿಯ ಕತ್ತರಿಸಿಟ್ಟ ಹಣ್ಣು ಬೇಡ. ಕುಡಿಯಲು ಶುದ್ಧ ನೀರನ್ನೇ ಬಳಸಿ.

ಇಬ್ರಾಹೀಮ್ ರೋಜಾದಲ್ಲಿ ಒಂದು ಸಂಜೆ

ಸಂಜೆ ನಗರದ ಪಶ್ಚಿಮಕ್ಕಿರುವ ಇಬ್ರಾಹೀಮ್ ರೋಜಾಕ್ಕೆ ಹೋಗಿ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹೀಮ್ ಆದಿಲ್‌ಶಾಹನ ಕಾಲದ್ದು. ಜನರು ಅವನನ್ನು ಜಗದ್ಗುರು ಎಂದೂ ಕರೆಯುತ್ತಿದ್ದರು. ತೋಟದ ನಡುವಿನ ಎತ್ತರದ ಒಂದೇ ಕಟ್ಟೆಯ ಮೇಲೆ ಒಂದು ಬದಿಗೆ ಸಮಾಧಿ, ಎದುರಿಗೆ ಮಸೀದಿ, ಮಧ್ಯದಲ್ಲಿ ನೀರಿನ ಕೊಳ. ಗೋಲಗುಮ್ಮಟ ತನ್ನ ಗಾತ್ರದಿಂದ ಬೆರಗು ಹುಟ್ಟಿಸಿದರೆ, ರೋಜಾ ತನ್ನ ನಯದಿಂದ ಮನಸ್ಸು ಗೆಲ್ಲುತ್ತದೆ. ಕಲ್ಲಿನ ಕಿಟಕಿಗಳಲ್ಲಿ ಅರಬಿ ಅಕ್ಷರಗಳನ್ನೇ ಜಾಲರಿಯಂತೆ ಕೊರೆದಿದ್ದಾರೆ. ಅಕ್ಷರಗಳ ನಡುವಿನಿಂದ ಬೆಳಕು ಒಳಗೆ ಬರುತ್ತದೆ. ಇದನ್ನು ರೂಪಿಸಿದವನು ಮಲಿಕ್ ಸಂದಲ್.

ರಾಣಿ ತಾಜ್ ಸುಲ್ತಾನಾಳಿಗಾಗಿ ಕಟ್ಟಲಾರಂಭಿಸಿದ ಈ ಕಟ್ಟಡದಲ್ಲಿ ಸುಲ್ತಾನನೂ, ಅವನ ತಾಯಿಯೂ, ಮಕ್ಕಳೂ ಮಲಗಿದ್ದಾರೆ. ಒಂದು ಇಡೀ ಸಂಸಾರ ಒಂದೇ ಸೂರಿನಡಿ! ಇಲ್ಲಿ ಕೂತಾಗ ಮನಸ್ಸಿಗೆ ಬರುವ ಪ್ರಶ್ನೆ ಇದು: ಪತ್ನಿಗಾಗಿ ಇಷ್ಟು ಸುಂದರ ಗೋರಿ ಕಟ್ಟಿಸುವುದು ಸುಲ್ತಾನರಿಗೆ ಮಾತ್ರ ಸಾಧ್ಯ. ಆದರೆ ಬದುಕಿರುವಾಗ ಪತ್ನಿಯ ಕಾಲು ಊದಿದೆಯೇ ಎಂದು ನೋಡುವುದು, ರಾತ್ರಿ ನಿದ್ದೆ ಬಂತೇ ಎಂದು ಕೇಳುವುದು ಯಾವ ಬಡವನಿಗೂ ಸಾಧ್ಯ. ಪ್ರವಾದಿ(ಸ) ಪತ್ನಿ ಸಫಿಯ್ಯಾ(ರ) ಒಂಟೆಯೇರುವಾಗ ತಮ್ಮ ಮೊಣಕಾಲನ್ನೇ ಮೆಟ್ಟಿಲಾಗಿ ನೀಡಿದ್ದರು. ಅದಕ್ಕೆ ಖಜಾನೆ ಬೇಕಿರಲಿಲ್ಲ.

ಅದೇ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ನಿರ್ಮಾಣವಾದ ತಾಜ್ ಬಾವಡಿಯೂ ಇದೆ. ಮರುದಿನ ಅದನ್ನು ನೋಡಿ. ಮೆಟ್ಟಿಲಿಳಿದು ನೀರಿನ ಬಳಿಗೆ ಹೋಗಬೇಡಿ, ಮೇಲಿನಿಂದಲೇ ನೋಡಿ. ತೀರಿಹೋದ ತಾಯಿಗಾಗಿ ಯಾವ ದಾನ ಉತ್ತಮವೆಂದು ಸಅದ್ ಬಿನ್ ಉಬಾದಾ(ರ) ಕೇಳಿದಾಗ ಪ್ರವಾದಿ(ಸ) ನೀರನ್ನು ಸೂಚಿಸಿದರು. ಅವರು ಬಾವಿ ತೋಡಿಸಿದರು. ಒಬ್ಬ ಹೆಣ್ಣಿನ ನೆನಪಿಗೆ ಗೋರಿಗಿಂತಲೂ ಬಾವಿ ಹೆಚ್ಚು ಉಪಕಾರಿ.

ಎರಡನೆಯ ದಿನ ಜಾಮಿಅ ಮಸೀದಿಗೂ ಹೋಗಿ. ಅದನ್ನು ಕಟ್ಟಿಸಲು ಆರಂಭಿಸಿದ ಒಂದನೇ ಅಲೀ ಆದಿಲ್‌ಶಾಹನಿಗೆ ಮಕ್ಕಳಿರಲಿಲ್ಲ. ಅವನು 1580ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಎರಡನೇ ಇಬ್ರಾಹೀಮ್ ಇನ್ನೂ ಬಾಲಕ. ಆ ಬಾಲಕನ ಪರವಾಗಿ ರಾಜ್ಯದ ಹೊಣೆ ಹೊತ್ತವಳು ಅಲಿಯ ವಿಧವೆ ಚಾಂದ್ ಬೀಬಿ. ಹೆತ್ತ ಮಗುವಲ್ಲದಿದ್ದರೂ ಅವನನ್ನು ಕಾಪಾಡಿದಳು. ಮಗುವನ್ನು ಪಡೆಯುವುದು ಅಲ್ಲಾಹನ ಅನುಗ್ರಹ, ಮಗುವನ್ನು ಬೆಳೆಸುವುದು ಮನುಷ್ಯನ ಹೊಣೆ. ಇವೆರಡೂ ಬೇರೆ ಬೇರೆ ಎಂಬುದಕ್ಕೆ ಈ ಮಹಿಳೆ ಸಾಕ್ಷಿ.

ಸಮಯವಿದ್ದರೆ 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕೆ ಮೈದಾನ್ ಫಿರಂಗಿಯನ್ನು, ಎರಡನೇ ಅಲೀ ಆದಿಲ್‌ಶಾಹನ ಪೂರ್ಣಗೊಳ್ಳದ ಸಮಾಧಿಯಾದ ಬಾರಾ ಕಮಾನನ್ನು ನೋಡಬಹುದು. ಉಪ್ಪಲಿ ಬುರುಜನ್ನು ಹತ್ತಬೇಡಿ. ಟಾಂಗಾ ಸಿಕ್ಕರೂ ಅದರ ಕುಲುಕಾಟ ಬೇಡ, ಆಟೊ ನಿಧಾನವಾಗಿ ಹೋಗಲಿ. ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಹಟ ಬೇಡವೇ ಬೇಡ. ದಿನಕ್ಕೆ ಎರಡು ಜಾಗ ಸಾಕು.

ಏನು ಮಾತಾಡಬೇಕು?

ನಾಲ್ಕೈದು ವಿಷಯಗಳನ್ನಾದರೂ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿ. ಒಂದು, ಹೆರಿಗೆ ಯಾವ ಆಸ್ಪತ್ರೆಯಲ್ಲಿ, ಖರ್ಚು ಯಾರದು? ಹೆರಿಗೆಯ ಖರ್ಚನ್ನು ತವರಿನವರ ಮೇಲೆ ಹೊರಿಸುವುದು ನಮ್ಮ ರೂಢಿ. ಆದರೆ ಪತ್ನಿ ಮತ್ತು ಮಗುವಿನ ಖರ್ಚು ತಂದೆಯ ಹೊಣೆಯೆಂಬುದು ಧರ್ಮದ ಪಾಠ. ಎರಡು, ಹೆರಿಗೆಯ ಸಮಯದಲ್ಲಿ ಪತಿ ಊರಲ್ಲಿ ಇರುತ್ತಾನೆಯೇ? ಗಲ್ಫ್‌ನವರು ರಜೆಯನ್ನು ಆಗಲೇ ಹೊಂದಿಸಿಕೊಳ್ಳಲಿ. ಮೂರು, ಹುಟ್ಟುವುದು ಹೆಣ್ಣಾದರೆ? ಈ ಪ್ರಶ್ನೆಗೆ "ಅಲ್ಹಮ್ದುಲಿಲ್ಲಾಹ್" ಎಂಬ ಉತ್ತರವನ್ನು ಅವಳು ಹೆರಿಗೆಗೆ ಮುನ್ನವೇ ಪತಿಯ ಬಾಯಿಂದ ಕೇಳಬೇಕು. ಎಷ್ಟೋ ಹೆಣ್ಣು ಮಕ್ಕಳು ಒಂಬತ್ತು ತಿಂಗಳೂ ಈ ಭಯವನ್ನು ಯಾರಿಗೂ ಹೇಳದೆ ಹೊತ್ತಿರುತ್ತಾರೆ. ನಾಲ್ಕು, ಅಕೀಕ. ಏಳನೇ ದಿನ ಸಾಮರ್ಥ್ಯವಿದ್ದರೆ ಮಾಡುವ ಸುನ್ನತ್ತದು, ಸಾಲ ಮಾಡಿ ಊರಿಗೆ ಊಟ ಹಾಕುವ ಸ್ಪರ್ಧೆಯಲ್ಲ. ಐದು, ಅವಳಿಗೆ ಏನು ಭಯವಾಗುತ್ತಿದೆ? ಇದನ್ನು ಕೇಳಿ ಸುಮ್ಮನಿರಿ. ಉಪದೇಶ ಮಾಡಬೇಡಿ. ತಾಯಿ ಬಲಹೀನತೆಯ ಮೇಲೆ ಬಲಹೀನತೆಯನ್ನು ಸಹಿಸಿ ಮಗುವನ್ನು ಹೊರುತ್ತಾಳೆಂದು ಸೂರಃ ಲುಕ್ಮಾನ್ ನೆನಪಿಸುತ್ತದೆ. ಅದನ್ನು ಮಕ್ಕಳಿಗೆ ಹೇಳಿಕೊಡುವ ಮೊದಲು ಪತಿ ತಿಳಿದುಕೊಳ್ಳಲಿ.

ಮನೆಯ ಹಿರಿಯರಿಗೆ

ಅತ್ತೆ ಮಾವಂದಿರೇ, ಮಗ ಸೊಸೆ ಎರಡು ದಿನ ಹೊರಗೆ ಹೋಗುತ್ತೇವೆಂದರೆ ಅದನ್ನು ನಿಮ್ಮಿಂದ ದೂರವಾಗುವ ಯತ್ನವೆಂದು ಬಗೆಯಬೇಡಿ. ಹಾರೈಸಿ ಕಳುಹಿಸಿ. ಮಕ್ಕಳೇ, ನೀವೂ ಗುಟ್ಟಾಗಿ ಟಿಕೆಟ್ ತೆಗೆದು ಕೊನೆಯ ಗಳಿಗೆಯಲ್ಲಿ ತಿಳಿಸಬೇಡಿ. ವೈದ್ಯರು ಏನೆಂದರೆಂದು ಹೇಳಿ, ಅವರ ಮಾತು ಕೇಳಿ, ದಿನಕ್ಕೊಮ್ಮೆ ಫೋನ್ ಮಾಡಿ. ಬರುವಾಗ ಅವರಿಗೂ ಏನಾದರೂ ತನ್ನಿ. ಸಾಲ ಮಾಡಿ ಮಾತ್ರ ಹೋಗಬೇಡಿ. ಆ ಹಣ ಹೆರಿಗೆಗೆ ಬೇಕಾಗುತ್ತದೆ.

ವೈದ್ಯರು ಬೇಡವೆಂದವರು, ಹಣದ ಅನುಕೂಲವಿಲ್ಲದವರು, ಪತಿ ಕಡಲಾಚೆ ಇರುವವರು ಬೇಸರಿಸಬೇಕಾಗಿಲ್ಲ. ಹತ್ತಿರದ ಕೋಟೆಯ ತಪ್ಪಲಲ್ಲಿ, ನದಿ ದಂಡೆಯಲ್ಲಿ, ಮನೆಯ ತಾರಸಿಯಲ್ಲಿ ಒಂದು ಸಂಜೆ ಸಾಕು. ದೂರದಲ್ಲಿರುವ ಪತಿ, ಮನೆಯವರೆಲ್ಲ ಸೇರಿ ಮಾತಾಡುವ ಕರೆಯ ಹೊರತಾಗಿ ಅವಳೊಬ್ಬಳಿಗಾಗಿಯೇ ಒಂದು ಗಂಟೆ ತೆಗೆದಿಡಲಿ. ಊರು ಯಾವುದೆಂಬುದು ಮುಖ್ಯವಲ್ಲ, ಮಾತು ಆಗಬೇಕೆಂಬುದು ಮುಖ್ಯ.

1686ರಲ್ಲಿ ಔರಂಗಝೇಬನ ಸೇನೆ ಈ ನಗರವನ್ನು ವಶಪಡಿಸಿಕೊಂಡಾಗ ಆದಿಲ್‌ಶಾಹಿ ಆಳ್ವಿಕೆ ಮುಗಿಯಿತು. ಕಲ್ಲಿನ ಗುಮ್ಮಟಗಳು ಉಳಿದವು, ಕಟ್ಟಿಸಿದವರ ವಂಶದ ಅಧಿಕಾರ ಉಳಿಯಲಿಲ್ಲ. ನಮ್ಮಂತಹ ಸಾಮಾನ್ಯರು ಬಿಟ್ಟು ಹೋಗುವುದು ಕಟ್ಟಡವನ್ನಲ್ಲ, ಮಕ್ಕಳನ್ನು. ತಂದೆ ತಾಯಿ ಪರಸ್ಪರ ಗೌರವದಿಂದ, ಮೆಲುದನಿಯಲ್ಲಿ ಮಾತಾಡುವ ಮನೆಯಲ್ಲಿ ಬೆಳೆದ ಮಗುವೇ ನಾಳೆ ನಮಗಾಗಿ ಪ್ರಾರ್ಥಿಸುವ ಸಂತಾನವಾಗುತ್ತದೆ. ಗರ್ಭದಲ್ಲಿ ಮಗುವನ್ನು ಹೊತ್ತಿರುವ ಎಲ್ಲ ಸಹೋದರಿಯರಿಗೂ ಅಲ್ಲಾಹನು ಸುಲಭವಾದ ಹೆರಿಗೆಯನ್ನೂ, ಆರೋಗ್ಯವಂತ ಮಗುವನ್ನೂ, ಮಾತು ಕೇಳಿಸಿಕೊಳ್ಳುವ ಸಂಗಾತಿಯನ್ನೂ ಕರುಣಿಸಲಿ. ಆಮೀನ್.